ಸಿನಿಮಾ ಧಾಟಿ ಜಾಝ್ ಆಗುವುದು ಹೇಗೆ?

ಪ್ರಶ್ನೆ: ಗಿಟಾರ್, ಕೀಬೋರ್ಡ್, ಆಲ್ಟೊ ಸ್ಯಾಕ್ಸೊಫೋನ್ ನುಡಿಸುವ ಮೂವರಿದ್ದೇವೆ. ಹುತ್ತರಿ ಹೊತ್ತಿಗೆ ‘ಆನ್ ಗ್ರೀನ್ ಡಾಲ್ಫಿನ್ ಸ್ಟ್ರೀಟ್’ ನುಡಿಸುವಾಸೆ. ಸಿನಿಮಾ ಸಂಗೀತ ಜಾಝ್‌ಗೆ ಹೇಗೆ ಬಂತು? ಎಲ್ಲಿಂದ ಶುರು ಮಾಡಬೇಕು?
— ಓದುಗರು, ವಿರಾಜಪೇಟೆ

ಉತ್ತರ: ಇದು 1947ರ ಚಿತ್ರಕ್ಕೆ ಬ್ರಾನಿಸ್ಲಾವ್ ಕೇಪರ್ ಮಾಡಿದ ಧಾಟಿ. ಹಿನ್ನೆಲೆ ಸಂಗೀತ ದೃಶ್ಯದ ಅಳತೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಅದರ ಮೇಲೆ ಮನೋಧರ್ಮ ಬೆಳೆಸುವುದು ಕಷ್ಟ. 32 ಬಾರ್‌ಗಳ (ತಾಳದ ಸಮ ಅಳತೆಯ ತುಂಡುಗಳ) ಹಾಡಾಗಿ ನಿಂತಾಗ ಮಾತ್ರ ಆವರ್ತ ಆವರ್ತವಾಗಿ ನುಡಿಸಬಹುದು. 1958ರಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಇದನ್ನು ಧ್ವನಿಮುದ್ರಿಸಿತು; ಅದನ್ನೇ ಮೊದಲು ಕೇಳಿ.

ಇದರ ಸೊಗಸೆಲ್ಲ ಮೊದಲ 8 ಬಾರ್‌ಗಳಲ್ಲಿದೆ. ಬೇಸ್, ಅಂದರೆ ತಳದ ನಾದ, ‘ಸಿ’ ಬಿಟ್ಟು ಕದಲುವುದಿಲ್ಲ. ಅದರ ಮೇಲೆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಹೀಗೆ ಬದಲಾಗುತ್ತವೆ: ಸಿ ಮೇಜರ್ ಸೆವೆನ್ 2 ಬಾರ್, ಸಿ ಮೈನರ್ ಸೆವೆನ್ 2, ಡಿ ಮೇಜರ್ 1, ಡಿ ಫ್ಲಾಟ್ ಮೇಜರ್ 1, ಮತ್ತೆ ಸಿ 2. ಈ ಭಾಗಕ್ಕೆ ಲ್ಯಾಟಿನ್ ನಡೆ (ಸಮನಾಗಿ ಬೀಳುವ ಲಯ), ಮುಂದಿನ 8ಕ್ಕೆ ಸ್ವಿಂಗ್ (ಉದ್ದ-ಗಿಡ್ಡವಾಗಿ ತೂಗುವ ಲಯ).

ನಿಮ್ಮಲ್ಲಿ ಬೇಸ್ ವಾದ್ಯ ಇಲ್ಲ, ಆ ‘ಸಿ’ ಕೀಬೋರ್ಡಿನ ಎಡಗೈಗಿರಲಿ. ಗಿಟಾರ್‌ನವರು ತಗ್ಗು ಸ್ವರದ ಎರಡು ದಪ್ಪ ತಂತಿ ಮುಟ್ಟಬಾರದು. ಮುಟ್ಟಿದರೆ ತಳದ ನಾದ ಕಲಸಿಹೋಗುತ್ತದೆ. ಆಲ್ಟೊಗೆ ಬರೆದ ‘ಎ’ ಕೇಳುವಾಗ ‘ಸಿ’ ಆಗುತ್ತದೆ, ಹಾಗಾಗಿ ಆಲ್ಟೊದವರು ‘ಎ’ ಮೇಜರ್‌ನಲ್ಲಿ ಓದಬೇಕು. ಸ್ವಿಂಗ್‌ಗೆ ತಿರುಗುವಾಗ ಎಲ್ಲರೂ ವೇಗ ಹೆಚ್ಚಿಸುತ್ತಾರೆ, ಹಾಗಾಗಿ ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 100 ಬಡಿತಕ್ಕೆ ಇಟ್ಟು ಆ ತಿರುವನ್ನಷ್ಟೇ ಮತ್ತೆ ಮತ್ತೆ ತಿದ್ದಿ.