ಪಿಎಸ್4 ಲೆಗೊ ಡೈಮೆನ್ಶನ್ಸ್ ಟಾಯ್ ಪ್ಯಾಡ್ ಗುರುತಿಸುತ್ತಿಲ್ಲ: ಪ್ರತಿಕ್ರಿಯೆ

ಲೆಗೊ ಡೈಮೆನ್ಶನ್ಸ್ ವಿಡಿಯೊ ಆಟದಲ್ಲಿ ಲೆಗೊ ಗೊಂಬೆಯನ್ನು ಟಾಯ್ ಪ್ಯಾಡ್ ಎಂಬ ಯುಎಸ್‌ಬಿ ಹಲಗೆಯ ಮೇಲಿಟ್ಟರೆ ಆ ಪಾತ್ರ ಪರದೆಗೆ ಬರುತ್ತದೆ. ಸೆಕೆಂಡ್‌ಹ್ಯಾಂಡ್ ತಂದ ಆ ಪ್ಯಾಡನ್ನು ನಿಮ್ಮ ಪಿಎಸ್4 (ಪ್ಲೇಸ್ಟೇಷನ್ 4) ಗುರುತಿಸುತ್ತಿಲ್ಲ ಅಂದರೆ, ಅದು ಎಕ್ಸ್‌ಬಾಕ್ಸ್‌ನ ಪ್ಯಾಡ್ ಆಗಿರುವ ಸಾಧ್ಯತೆಯೇ ಹೆಚ್ಚು. ಪಿಎಸ್3, ಪಿಎಸ್4, ನಿಂಟೆಂಡೊದ ವೀ ಯು, ಈ ಮೂರು ಕನ್ಸೋಲ್‌ಗಳಿಗೂ ಒಂದೇ ಪ್ಯಾಡ್ ನಡೆಯುತ್ತದೆ. ಎಕ್ಸ್‌ಬಾಕ್ಸ್ 360 ಮತ್ತು ಎಕ್ಸ್‌ಬಾಕ್ಸ್ ಒನ್‌ನವು ಬೇರೆ ಬೇರೆ. ನೋಡಲು ಎಲ್ಲವೂ ಒಂದೇ ಥರ ಇರುವುದರಿಂದ ನಾನೂ ಒಮ್ಮೆ ತಪ್ಪು ಪ್ಯಾಡ್ ಕೊಂಡಿದ್ದೆ.

ಮೊದಲು ಪ್ಯಾಡ್ ಮಗುಚಿ ತಳದ ಬರಹ ಓದಿ. ಎಕ್ಸ್‌ಬಾಕ್ಸ್ ಎಂದಿದ್ದರೆ ಕೇಬಲ್, ಸೆಟ್ಟಿಂಗ್ ಅಂತ ಒದ್ದಾಡಬೇಡಿ, ಪ್ಯಾಡನ್ನೇ ಬದಲಿಸಿ. ಹಾಗಿಲ್ಲದಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರವಾಗಿ ಕನ್ಸೋಲ್‌ಗೆ ಹಾಕಿ, ಇನ್ನೊಂದು ಪೋರ್ಟಿನಲ್ಲೂ ನೋಡಿ. ಆಟ ಶುರುವಾದ ಮೇಲೆ ಬ್ಯಾಟ್‌ಮನ್‌ನ ದುಂಡು ಬಿಲ್ಲೆ ಒಂದನ್ನೇ ನಡುವಿನ ವೃತ್ತದ ಮೇಲಿಡಿ. ಪ್ಯಾಡ್ ಓದುವ ಚಿಪ್ ಇರುವುದು ಗೊಂಬೆಯಲ್ಲಲ್ಲ, ಅದರ ಕಾಲಡಿಯ ಬಿಲ್ಲೆಯಲ್ಲಿ. ಗೊಂಬೆ ತೆಗೆದು ಬರೀ ಬಿಲ್ಲೆ ಇಟ್ಟರೂ ಪಾತ್ರ ಪರದೆಗೆ ಬರಬೇಕು. ಇಷ್ಟಾದರೂ ಬಾರದಿದ್ದರೆ ಪ್ಯಾಡ್ ಕೆಟ್ಟಿರಬಹುದು, ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ.

ಗೊಂಬೆ, ಬಿಲ್ಲೆ ಯಾವುದನ್ನೂ ದಯವಿಟ್ಟು ಎಸೆಯಬೇಡಿ, ಅವು ಎಲ್ಲ ಕನ್ಸೋಲ್‌ಗಳಲ್ಲೂ ನಡೆಯುತ್ತವೆ. 2015ರಲ್ಲಿ ಮೂರು ವರ್ಷದ ಯೋಜನೆಯೆಂದು ಶುರುವಾದ ಈ ಆಟಕ್ಕೆ ಹೊಸ ಗೊಂಬೆಗಳ ಪ್ಯಾಕ್ ತರುವುದನ್ನು 2017ರ ಅಕ್ಟೋಬರ್‌ನಲ್ಲೇ ನಿಲ್ಲಿಸಿಬಿಟ್ಟರು. ಅಷ್ಟು ಚೆಂದದ ಆಟ, ಇವತ್ತಿಗೂ ಬೇಸರವಾಗುತ್ತದೆ. ಹಾಗಾಗಿ ಬದಲಿ ಪ್ಯಾಡನ್ನೂ ಸೆಕೆಂಡ್‌ಹ್ಯಾಂಡಲ್ಲೇ ಹುಡುಕಬೇಕು. ದುಡ್ಡು ಕೊಡುವ ಮುಂಚೆ ತಳದ ಫೋಟೊ ಕೇಳಿ. ಆಟ ಬಂದ ಎರಡನೇ ವರ್ಷದಲ್ಲಿ ಸೇರಿಸಿದ ಪಾತ್ರಗಳು ಆಟದ ಡಿಸ್ಕ್‌ನಲ್ಲಿಲ್ಲ, ಅಪ್‌ಡೇಟ್ ಇಳಿಸಿಕೊಳ್ಳಿ.