ನೀರು ಕುಡಿಯುವುದು ಬಿಟ್ಟರೂ ನಿಲ್ಲದ ಮೂತ್ರ ಸೋರಿಕೆ

ಗುರುತು ಸಿಗದಂತೆ ವಿವರ ಬದಲಿಸಿದೆ. ಮೂತ್ರ ಸೋರಿಕೆ ಎಂದು ನಮ್ಮ ಬಳಿ ಬಂದ ಇವರು ಗದಗ ಕಡೆಯ ಹಳ್ಳಿಯ ಮಹಿಳೆ, ವಯಸ್ಸು 52, ನಾಲ್ಕು ಸಹಜ ಹೆರಿಗೆ, ಮುಟ್ಟು ನಿಂತು ಮೂರು ವರ್ಷ.

"ಕೆಮ್ಮಿದ್ರ ಸಾಕ್ರೀ ಅಕ್ಕಾರ, ಸೀರಿ ತೊಯ್ತೈತಿ. ನೀರ ಕುಡಿಯೂದ ಬಿಟ್ಟೇನಿ, ಆದ್ರೂ ನಿಂದರವಲ್ದು." ಹುಬ್ಬಳ್ಳಿ ಬಸ್ ಹತ್ತುವುದನ್ನೇ ಬಿಟ್ಟಿದ್ದರು. ಗರ್ಭಚೀಲ ತೆಗೆಸಿಬಿಡು ಎಂದು ಓಣಿಯವರು ಹೇಳಿದ್ದರಂತೆ. ಸೋರಿಕೆಗೆ ಅದು ಚಿಕಿತ್ಸೆಯೇ ಅಲ್ಲ. ಮೊದಲು ಅದನ್ನೇ ಬಿಡಿಸಿ ಹೇಳಬೇಕಾಯಿತು.

ಮೂರು ದಿನ ಮೂತ್ರವನ್ನು ಅಳತೆ ಲೋಟದಲ್ಲಿ ಹಿಡಿದು, ಮಗಳ ಕೈಯಲ್ಲಿ ಬರೆಸಿಕೊಂಡು ಬಂದರು. ದಿನಕ್ಕೆ 12 ಸಲ, ಸಲಕ್ಕೆ 80–100 ಮಿಲಿ ಅಷ್ಟೇ. ದೊಡ್ಡವರ ಮೂತ್ರಚೀಲ ಸಾಮಾನ್ಯವಾಗಿ 300–500 ಮಿಲಿ ಹಿಡಿಯುತ್ತದೆ. ಕುಡಿದ ನೀರು ಮುಕ್ಕಾಲು ಲೀಟರ್, ಚಹಾ ಆರು ಕಪ್.

ಇಲ್ಲಿ ಎರಡು ಸೋರಿಕೆ ಬೆರೆತಿದ್ದವು. ಕೆಮ್ಮಿದಾಗ, ಕೊಡ ಎತ್ತಿದಾಗ ಸೋರುವುದು ಹೆರಿಗೆಯಿಂದ ಸಡಿಲಾದ ತಳದ ಸ್ನಾಯುಗಳಿಂದ (ಮೂತ್ರಚೀಲವನ್ನು ಕೆಳಗಿನಿಂದ ಹೊತ್ತು ಹಿಡಿಯುವ ಸ್ನಾಯುಗಳು). ಬಚ್ಚಲು ಮುಟ್ಟುವುದರೊಳಗೆ ಆಗಿಬಿಡುವುದು ಮೂತ್ರಚೀಲದ ಅವಸರದಿಂದ. ನೀರು ಬಿಟ್ಟರೆ ಮೂತ್ರ ಗಾಢವಾಗಿ ಚೀಲವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಸೇರುತ್ತದೆ. ಮುಂಜಾಗ್ರತೆಗೆಂದು ಮತ್ತೆ ಮತ್ತೆ ಹೋದರೆ ಚೀಲ ತುಂಬುವ ರೂಢಿಯನ್ನೇ ಮರೆಯುತ್ತದೆ. ಇವರಿಗಿದ್ದ ಒಣಕೆಮ್ಮು ಶುರುವಾದದ್ದು ಬಿಪಿಗೆ ಎನಾಲಾಪ್ರಿಲ್ ಹಚ್ಚಿದ ಮೇಲೆ. ಆ ಗುಳಿಗೆಗೆ ಹೀಗೆ ಕೆಮ್ಮು ಬರುವುದುಂಟು. ತಾವಾಗಿ ಬಿಡಬೇಡಿ ಎಂದು ಹೇಳಿ ವೈದ್ಯರ ಬಳಿ ಕಳಿಸಿದೆವು. ಅವರು ಬೇರೆ ಗುಳಿಗೆ ಕೊಟ್ಟರು. ಮೂತ್ರ, ಸಕ್ಕರೆ ಪರೀಕ್ಷೆಯಲ್ಲಿ ದೋಷವಿರಲಿಲ್ಲ.

ಈ ತಳದ ಸ್ನಾಯುಗಳ ವ್ಯಾಯಾಮ ಹೇಳಿಕೊಡುವಾಗಲೇ ಹೆಚ್ಚು ತಪ್ಪಾಗುವುದು. ಗಾಳಿ ಹೋಗದಂತೆ ತಡೆದು ಹಿಡಿದ ಹಾಗೆ ಒಳಗೆ ಮೇಲಕ್ಕೆ ಬಿಗಿಹಿಡಿಯಬೇಕು. ಹೊಟ್ಟೆ, ಕುಂಡಿ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಇವರು ಮೊದಲ ದಿನ ಕೆಳಕ್ಕೆ ತಿಣುಕುತ್ತಿದ್ದರು, ಅದು ತದ್ವಿರುದ್ಧ. 5 ಸೆಕೆಂಡ್ ಹಿಡಿ, 5 ಸೆಕೆಂಡ್ ಬಿಡು, ಹೀಗೆ 8 ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡಬೇಡಿ. ಕೆಮ್ಮುವ ಮೊದಲು, ಕೊಡ ಎತ್ತುವ ಮೊದಲು ಒಮ್ಮೆ ಬಿಗಿಹಿಡಿಯಿರಿ. ಅರ್ಧ ಕೊಡ ಸಾಕು.

ಅವಸರವಾದಾಗ ಓಡದೆ ನಿಂತು ಐದಾರು ಸಲ ಬೇಗಬೇಗ ಬಿಗಿದು, ತಗ್ಗಿದ ಮೇಲೆ ಹೋಗುವುದು. ಮೂತ್ರಕ್ಕೆ ಹೋಗುವ ಅಂತರವನ್ನು ವಾರಕ್ಕೆ 15 ನಿಮಿಷ ಹೆಚ್ಚಿಸುವುದು. ನೀರು ಒಂದೂವರೆ ಲೀಟರ್ (ಹೃದಯ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿ), ಚಹಾ ಎರಡೇ ಕಪ್.

ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿ, ಇಲ್ಲವೇ ತೊಡೆಸಂದಿ ಜೋಮು ಹಿಡಿದು ಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಮಗಳಿಗೂ ಹೇಳಿದೆವು.

ಮೂರು ತಿಂಗಳಿಗೆ ದಿನಕ್ಕೆ ಏಳು ಸಲ, ಸಲಕ್ಕೆ 200 ಮಿಲಿ ದಾಟಿತ್ತು. ಜೋರಾಗಿ ಸೀನಿದರೆ ಈಗಲೂ ಒಂದೆರಡು ಹನಿ ಬರುತ್ತದೆ, ವ್ಯಾಯಾಮ ಮುಂದುವರಿದಿದೆ.