ಎಕ್ಸ್‌ಎಫ್‌ಸಿಇ ಬಿಡಬೇಕಾಗಿಲ್ಲ

ಹಳೇ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಎಫ್‌ಸಿಇ (ಲಿನಕ್ಸ್‌ನ ಒಂದು ಹಗುರ ಡೆಸ್ಕ್‌ಟಾಪ್) ಚೆನ್ನಾಗಿದೆ, ಆದರೆ ಎಲ್ಲರೂ ಪರದೆ ನೋಡಿಕೊಳ್ಳುವ ಹಳೇ ಎಕ್ಸ್11 ವ್ಯವಸ್ಥೆ ಬಿಟ್ಟು ಹೊಸದಾದ ವೇಲ್ಯಾಂಡ್ ಕಡೆ ಹೋಗುತ್ತಿದ್ದಾರೆ, ಈಗಲೇ ಬೇರೆ ಡೆಸ್ಕ್‌ಟಾಪ್‌ಗೆ ಹೋಗಬೇಕಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ಅವಸರ ಮಾಡಬೇಡಿ.

2024ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20 ಆವೃತ್ತಿಯಲ್ಲೇ ವೇಲ್ಯಾಂಡ್ ಬೆಂಬಲ ಇದೆ, ಪ್ರಯೋಗದ ಮಟ್ಟದಲ್ಲಿ. ಪ್ಯಾನೆಲ್, ಫೈಲ್‌ಗಳನ್ನು ತೆರೆದು ನೋಡುವ ಥುನಾರ್, ಡೆಸ್ಕ್‌ಟಾಪ್ ಎಲ್ಲ ಓಡುತ್ತವೆ. ತೊಡಕಿರುವುದು ಕಿಟಕಿಗಳನ್ನು ನೋಡಿಕೊಳ್ಳುವ ಎಕ್ಸ್‌ಎಫ್‌ಡಬ್ಲ್ಯೂಎಂ4ನಲ್ಲಿ. ಅದು ಎಕ್ಸ್11ಗೆ ಅಂತಲೇ ಬರೆದದ್ದು. ವೇಲ್ಯಾಂಡ್‌ನಲ್ಲಿ ಎಕ್ಸ್11ನ ಹಾಗೆ ಪ್ರತ್ಯೇಕ ಎಕ್ಸ್ ಸರ್ವರ್ ಇರುವುದಿಲ್ಲ. ಕಿಟಕಿ ಜೋಡಿಸುವುದು, ಪರದೆಗೆ ಚಿತ್ರ ಕಳಿಸುವುದು, ಕೀಬೋರ್ಡ್ ಮೌಸ್ ನೋಡಿಕೊಳ್ಳುವುದು, ಎಲ್ಲ ಕಂಪೋಸಿಟರ್ ಅನ್ನುವ ಒಂದೇ ಪ್ರೋಗ್ರಾಮಿನ ಹೆಗಲಿಗೇ ಬೀಳುತ್ತದೆ. ಅದಕ್ಕೇ ಸದ್ಯಕ್ಕೆ ಲ್ಯಾಬ್‌ಡಬ್ಲ್ಯೂಸಿ ಅಥವಾ ವೇಫೈರ್ ಅನ್ನುವ ಬೇರೆಯವರ ಕಂಪೋಸಿಟರ್ ಜೊತೆಗೆ ಹಾಕಿಕೊಳ್ಳಬೇಕು. ಆಗ ಟೈಟಲ್‌ಬಾರ್ ನಿಮ್ಮ ಹಳೇ ಥೀಮ್ ಹಿಡಿಯುವುದಿಲ್ಲ. ಮೊದಲು ಕಣ್ಣಿಗೆ ಬೀಳುವುದೇ ಅದು.

ಈಗ ತಂಡದವರು ಎಕ್ಸ್‌ಎಫ್‌ಡಬ್ಲ್ಯೂಎಲ್4 ಅನ್ನುವ ತಮ್ಮದೇ ಕಂಪೋಸಿಟರನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಲು ಹೊರಟಿದ್ದಾರೆ. ಹಳೆಯದರ ನಡವಳಿಕೆಯನ್ನು ಆದಷ್ಟು ಹಾಗೇ ಉಳಿಸುವುದು ಗುರಿ. ಹಣ ಬರುತ್ತಿರುವುದು ಜನ ಕೊಟ್ಟ ದೇಣಿಗೆಯಿಂದ. ನನಗಂತೂ ಇದು ತುಂಬಾ ಖುಷಿ ಕೊಟ್ಟ ಸುದ್ದಿ. ಇಷ್ಟು ಚಿಕ್ಕ ತಂಡ ಬಳಕೆದಾರರ ಅಭ್ಯಾಸಕ್ಕೆ ಇಷ್ಟು ಬೆಲೆ ಕೊಡುವುದು ಸಣ್ಣ ಮಾತಲ್ಲ, ಅಲ್ವಾ?

ನೀವು ಎಕ್ಸ್11 ಸೆಷನ್‌ನಲ್ಲೇ ಇರಿ. ಕುತೂಹಲ ಇದ್ದರೆ ಲಾಗಿನ್ ಪರದೆಯಲ್ಲಿ ವೇಲ್ಯಾಂಡ್ ಸೆಷನ್ ಆರಿಸಿ, ಕನ್ನಡ ಟೈಪಿಂಗ್ ಸರಿಯಾಗಿ ಬರುತ್ತಾ ಅಂತ ಮೊದಲು ನೋಡಿ.